ಮನೆಯ ಶೆಡ್ಡಿಗೆ ಸ್ಯಾಂಡ್‌ಬ್ಲಾಸ್ಟಿಂಗ್ ಕ್ಯಾಬಿನೆಟ್: ಮೊದಲು ಗಾಳಿ, ಆಮೇಲೆ ಪೆಟ್ಟಿಗೆ

ಹಳೇ ಜಾವಾ ಬೈಕನ್ನೋ ಯೆಜ್ಡಿಯನ್ನೋ ಪೂರ್ತಿ ಬಿಚ್ಚಿ ಹಾಕಿದವರಿಗೆಲ್ಲ ಒಂದು ಪ್ರಶ್ನೆ ಎದುರಾಗುತ್ತದೆ. ಈ ತುಕ್ಕನ್ನೆಲ್ಲ ಹೇಗಪ್ಪಾ ತೆಗೆಯುವುದು? ವೈರ್ ಬ್ರಷ್, ಎಮರಿ ಪೇಪರ್, ಪೇಂಟ್ ರಿಮೂವರ್ ಇವೆಲ್ಲ ಬಯಲು ಜಾಗಕ್ಕೆ ಸರಿ. ಸ್ವಿಂಗ್ ಆರ್ಮ್‌ನ ವೆಲ್ಡಿಂಗ್ ಸಂದು, ಸೆಂಟರ್ ಸ್ಟ್ಯಾಂಡಿನ ಒಳಮೂಲೆ, ಸಿಲಿಂಡರ್ ಫಿನ್‌ಗಳ ನಡುವಿನ ಆಳ, ಇಲ್ಲಿಗೆಲ್ಲ ಯಾವ ಬ್ರಷ್ಷೂ ಹೋಗುವುದಿಲ್ಲ. ಅಲ್ಲಿಗೆ ಹೋಗುವುದು ಸ್ಯಾಂಡ್‌ಬ್ಲಾಸ್ಟಿಂಗ್: ಒತ್ತಿದ ಗಾಳಿಯ ಗನ್ನಿನಿಂದ ಗ್ರಿಟ್ ಅನ್ನುವ ಗಟ್ಟಿ ಸಣ್ಣ ಕಣ ಚಿಮ್ಮಿಸಿ ತುಕ್ಕು ಕೀಳುವುದು.

ನಮ್ಮ ಮೈಸೂರಿನಲ್ಲಿ ಈ ಪ್ರಶ್ನೆ ಸ್ವಲ್ಪ ಜಾಸ್ತಿ. ಐಡಿಯಲ್ ಜಾವಾ ಕಾರ್ಖಾನೆ ಇದ್ದದ್ದು ಇಲ್ಲೇ, ಯಾದವಗಿರಿಯಲ್ಲಿ. 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಗಾಡಿಗಳು ಇವತ್ತಿಗೂ ಒಂದೊಂದು ಬೀದಿಯಲ್ಲೂ ಟಾರ್ಪಾಲಿನ್ ಕೆಳಗೆ ಸಿಗುತ್ತವೆ. ಹೊರಗೆ ಬ್ಲಾಸ್ಟಿಂಗ್‌ಗೆ ಕೊಡಬಹುದು, ನಿಜ. ಆದರೆ ಆ ಶಾಪ್‌ಗಳು ಲಾರಿ ಚಾಸಿ, ಗೇಟು, ಗ್ರಿಲ್ಲಿಗೆ ಒಗ್ಗಿದವು. ನಾನು ಕೊಟ್ಟ ಜಾವಾ ಚೈನ್ ಕವರ್ ತುಕ್ಕಿಲ್ಲದೆ ಬಂತು, ಆದರೆ ಇಡೀ ತಗಡು ಅಲೆಅಲೆಯಾಗಿ ತಿರುಚಿಕೊಂಡಿತ್ತು. ಆ ಕವರ್ ಈಗ ಹೊಸದು ಸಿಗುವುದಿಲ್ಲ. ಅದಕ್ಕೇ ಕುವೆಂಪುನಗರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ನನ್ನದೇ ಒಂದು ಕ್ಯಾಬಿನೆಟ್ ಇಟ್ಟುಕೊಂಡಿದ್ದೇನೆ, ಅಂದರೆ ಗ್ಲೌಸ್ ಇರುವ ತೂತಿನಿಂದ ಕೈ ಹಾಕಿ, ಗಾಜಿನಿಂದ ನೋಡುತ್ತಾ ಬ್ಲಾಸ್ಟ್ ಮಾಡುವ ಮುಚ್ಚಿದ ಪೆಟ್ಟಿಗೆ. ಕೇಳಿಕೊಂಡು ಬರುವ ಹುಡುಗರಿಗೆ ಹೇಳುವುದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಾತು: ಎಲ್ಲರೂ ಪೆಟ್ಟಿಗೆಯ ಸೈಜು, ಬೆಲೆ ನೋಡುತ್ತಾರೆ. ಪೆಟ್ಟಿಗೆ ಅಂದರೆ ಬರೀ ತಗಡು. ಕೆಲಸ ಮಾಡುವುದು ಗಾಳಿ. ಸಾಕಷ್ಟು ಗಾಳಿ, ಒಣ ಗಾಳಿ ಇಲ್ಲದಿದ್ದರೆ ಎಂಥ ಒಳ್ಳೇ ಕ್ಯಾಬಿನೆಟ್ ತಂದರೂ ಸುಮ್ನೆ ಮೂಲೆಯಲ್ಲಿ ಕೂರುತ್ತದೆ.

ಕಂಪ್ರೆಸರ್ ಲೆಕ್ಕ

ಮನೆಗೆ ಸಿಗುವ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವು ಸಕ್ಷನ್ ಬಗೆಯವು. ಗನ್ನಿನ ಒಳಗೆ ಒಂದು ಸಣ್ಣ ಏರ್ ಜೆಟ್ ಇರುತ್ತದೆ. ಅದರಿಂದ ಗಾಳಿ ರಭಸವಾಗಿ ನುಗ್ಗುವಾಗ ಕೆಳಗಿನ ಹಾಪರ್‌ನಿಂದ (ಗ್ರಿಟ್ ಜಾರಿ ಸೇರುವ ಇಳಿಜಾರು ತಳದಿಂದ) ಗ್ರಿಟ್ ತಾನಾಗಿ ಎಳೆದುಕೊಂಡು ಮೇಲೆ ಬರುತ್ತದೆ, ಎರಡೂ ಸೇರಿ ನಾಜಲ್‌ನಿಂದ ಹೊರಗೆ ಚಿಮ್ಮುತ್ತವೆ. ಗ್ರಿಟ್ಟನ್ನೇ ಒತ್ತಡದ ಪಾತ್ರೆಯಲ್ಲಿಟ್ಟು ತಳ್ಳುವ ಪ್ರೆಷರ್ ಪಾಟ್ ಬಗೆ ಇನ್ನೂ ವೇಗ, ಆದರೆ ಅದಕ್ಕೆ ಬೇಕಾದ ಗಾಳಿ, ಖರ್ಚು, ಎಚ್ಚರಿಕೆ ಎಲ್ಲವೂ ಜಾಸ್ತಿ. ಮನೆಗೆ ಸಕ್ಷನ್ ಸಾಕು.

ಎಷ್ಟು ಗಾಳಿ ಬೇಕು ಅನ್ನುವುದನ್ನು ಆ ಏರ್ ಜೆಟ್‌ನ ತೂತು ಹೇಳುತ್ತದೆ. 2.4 ಮಿಲಿಮೀಟರ್ ಜೆಟ್‌ಗೆ 80 ಪಿಎಸ್‌ಐ ಒತ್ತಡದಲ್ಲಿ ಸುಮಾರು 7-8 ಸಿಎಫ್‌ಎಂ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ ಬೇಕು. 3.2 ಮಿಲಿಮೀಟರ್‌ಗೆ ಹೋದರೆ 13ರ ಆಸುಪಾಸು. ತೂತು ಸ್ವಲ್ಪ ದೊಡ್ಡದಾದರೂ ಗಾಳಿ ಹೆಚ್ಚುಕಮ್ಮಿ ಎರಡು ಪಟ್ಟು ಹತ್ತಿರ ಹೋಯಿತು, ನೋಡಿ. ನಾಜಲ್ ತೂತು ಜೆಟ್‌ಗಿಂತ ಸುಮಾರು ಎರಡರಷ್ಟಿರಬೇಕು. ಅಂದರೆ 2.4ಕ್ಕೆ 5 ಮಿಲಿಮೀಟರ್, 3.2ಕ್ಕೆ 6 ಮಿಲಿಮೀಟರ್. ಗನ್ ಜೊತೆ ನಾಲ್ಕು ಸೈಜಿನ ನಾಜಲ್ ಕೊಡುತ್ತಾರೆ ಅಂತ ದೊಡ್ಡದನ್ನೇ ಹಾಕಿಕೊಂಡರೆ ಗ್ರಿಟ್ ಎಳೆಯುವ ಶಕ್ತಿಯೇ ಹೋಗುತ್ತದೆ.

ಇನ್ನು ಕಂಪ್ರೆಸರ್ ಮೇಲೆ ಬರೆದಿರುವ ಸಿಎಫ್‌ಎಂ. ಬಹಳಷ್ಟು ಕಡೆ ಬರೆದಿರುವುದು ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್, ಅಂದರೆ ಪಿಸ್ಟನ್ ಸರಿಯುವ ಜಾಗದ ಲೆಕ್ಕ. ನಿಮ್ಮ ಪೈಪಿಗೆ ನಿಜವಾಗಿ ಬರುವ ಗಾಳಿಗೆ ಎಫ್‌ಎಡಿ ಅನ್ನುತ್ತಾರೆ. ಅದು ಸುಮಾರು ಮೂರನೇ ಒಂದು ಭಾಗ ಕಡಿಮೆ ಇರುತ್ತದೆ. ಅಂಗಡಿಯಲ್ಲಿ ಎಫ್‌ಎಡಿ ಎಷ್ಟು ಅಂತಲೇ ಕೇಳಿ. ಹೇಳದಿದ್ದರೆ ಎಚ್‌ಪಿಗೆ 3ರಿಂದ 4 ಸಿಎಫ್‌ಎಂ ಅಂತ ಲೆಕ್ಕ ಹಾಕಿ.

ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ನೋಡಲು ಹೋದರೆ ಅಲ್ಲೇ ಅಳೆಯಬಹುದು. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಇದ್ದರೆ ಸಾಕು. ಟ್ಯಾಂಕಿನ ಔಟ್‌ಲೆಟ್ ವಾಲ್ವ್ ಮುಚ್ಚಿ ಮೋಟಾರ್ ಹಾಕಿ. ಮೀಟರ್ ಮುಳ್ಳು 60 ಪಿಎಸ್‌ಐ ದಾಟುವಾಗ ಸಮಯ ಶುರು ಮಾಡಿ, 90ಕ್ಕೆ ನಿಲ್ಲಿಸಿ. 30 ಪಿಎಸ್‌ಐ ಅಂದರೆ ಹೊರಗಿನ ವಾಯುಭಾರದ ಎರಡರಷ್ಟು. 160 ಲೀಟರ್ ಟ್ಯಾಂಕ್ ಆದರೆ ಅಷ್ಟು ಹೊತ್ತಿಗೆ 320 ಲೀಟರ್ ಹೊರಗಿನ ಗಾಳಿ ಒಳಗೆ ಹೋಗಿರುತ್ತದೆ. ಒಂದು ಘನ ಅಡಿಗೆ 28.3 ಲೀಟರ್, ಹಾಗಾಗಿ ಅದು ಸುಮಾರು 11 ಘನ ಅಡಿ. ಒಂದು ನಿಮಿಷದಲ್ಲಿ ಏರಿದರೆ 11 ಸಿಎಫ್‌ಎಂ. ಒಂದೂವರೆ ನಿಮಿಷ ಹಿಡಿದರೆ ಏಳೂವರೆ. ಸ್ಟಿಕ್ಕರ್ ಮೇಲೆ ಏನೇ ಬರೆದಿರಲಿ, ಮುಳ್ಳು ಹೇಳುವುದೇ ನಿಜ.

ನನ್ನ ಸಲಹೆ: 3 ಎಚ್‌ಪಿ ಕಂಪ್ರೆಸರ್, 2.4 ಮಿಲಿಮೀಟರ್ ಜೆಟ್. ಇದು ಸಿಂಗಲ್ ಫೇಸ್‌ನಲ್ಲಿ ಆಗುವ ಕೆಲಸ. ಆದರೆ ಅಡುಗೆಮನೆಯ ಮಿಕ್ಸಿ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಎಳೆದು ಓಡಿಸುವ ಯೋಚನೆ ಬೇಡ. ಓಡುವಾಗಲೇ 15 ಆಂಪಿಯರ್ ಹತ್ತಿರ ಎಳೆಯುತ್ತದೆ, ಸ್ಟಾರ್ಟ್ ಆಗುವಾಗ ಅದರ ಹಲವು ಪಟ್ಟು. ಮೀಟರ್ ಬೋರ್ಡಿನಿಂದ ಬೇರೆ ಲೈನ್, ಅದಕ್ಕೊಂದು ಎಂಸಿಬಿ, ಸರಿಯಾದ ಅರ್ಥಿಂಗ್ ಮಾಡಿಸಿ. ಕರೆಂಟ್ ಬಿಲ್ಲಿನಲ್ಲಿ ಸ್ಯಾಂಕ್ಷನ್ ಆದ ಲೋಡ್ ಎಷ್ಟಿದೆ ಅಂತಲೂ ನೋಡಿಕೊಳ್ಳಿ. 5 ಎಚ್‌ಪಿ ಬೇಕೆನಿಸಿದರೆ ಥ್ರೀ ಫೇಸ್ ಇರಬೇಕು. ಮನೆಯಲ್ಲಿ ಈಗಾಗಲೇ 2 ಎಚ್‌ಪಿ ಇದ್ದರೆ ಬಿಸಾಡಬೇಡಿ. ಐದು ನಿಮಿಷ ಹೊಡೆದು ಟ್ಯಾಂಕ್ ತುಂಬುವವರೆಗೆ ಕಾಯುವ ತಾಳ್ಮೆ ಇದ್ದರೆ ಸಣ್ಣ ಭಾಗಗಳಿಗೆ ಅದೂ ನಡೆಯುತ್ತದೆ.

ಪೈಪಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಟೈರಿಗೆ ಗಾಳಿ ಹಿಡಿಯುವ ಸಣ್ಣ ಪೈಪು, ಎರಡು ಮೂರು ಕ್ವಿಕ್ ಕಪ್ಲಿಂಗ್ ಹಾಕಿದರೆ ಟ್ಯಾಂಕಿನಲ್ಲಿ 90 ಇದ್ದರೂ ಗನ್ನಿಗೆ ಬರುವುದು 50-60 ಅಷ್ಟೇ. ಅರ್ಧ ಇಂಚಿನ ಪೈಪು ಹಾಕಿ. ಪ್ರೆಷರ್ ನೋಡುವುದೂ ಗನ್ ಹೊಡೆಯುತ್ತಿರುವಾಗಲೇ. ನಿಲ್ಲಿಸಿ ನೋಡಿದ ಮೀಟರ್ ಏನೂ ಹೇಳುವುದಿಲ್ಲ.

ನೀರು ಅನ್ನುವ ಶತ್ರು

ಜೂನ್ ಬಂತು ಅಂದರೆ ಕ್ಯಾಬಿನೆಟ್ ಇಟ್ಟುಕೊಂಡವರ ಫೋನು ಶುರು. "ಅಣ್ಣಾ, ಗನ್ ಕೆಮ್ಮುತ್ತಾ ಇದೆ, ಗ್ರಿಟ್ ಬರ್ತಾನೇ ಇಲ್ಲ." ತೊಂದರೆ ಗನ್ನಿನದಲ್ಲ. ಗಾಳಿ ಒತ್ತಿದಾಗ ಬಿಸಿಯಾಗುತ್ತದೆ, ತಣ್ಣಗಾದಾಗ ಅದರೊಳಗಿನ ತೇವ ನೀರಾಗಿ ಇಳಿಯುತ್ತದೆ. ಆ ನೀರು ಗನ್ನಿಗೆ ಬಂದರೆ ಗ್ರಿಟ್ ಹಸಿ ರವೆಯ ಹಾಗೆ ಮುದ್ದೆ ಕಟ್ಟುತ್ತದೆ.

ಬಹಳ ಜನ ವಾಟರ್ ಸೆಪರೇಟರನ್ನು ಕಂಪ್ರೆಸರ್‌ಗೇ ಅಂಟಿಸಿ ಹಾಕುತ್ತಾರೆ. ಅಲ್ಲಿ ಗಾಳಿ ಇನ್ನೂ ಬಿಸಿ. ನೀರು ಆವಿಯಾಗಿಯೇ ಸೆಪರೇಟರ್ ದಾಟಿ ಹೋಗಿ, ಮುಂದೆ ಪೈಪಿನಲ್ಲಿ ತಣ್ಣಗಾಗಿ, ನೇರ ಗನ್ನಿಗೆ ಇಳಿಯುತ್ತದೆ. ಸೆಪರೇಟರ್ ಇರಬೇಕಾದದ್ದು ಕ್ಯಾಬಿನೆಟ್ ಪಕ್ಕ. ನಡುವೆ ಗೋಡೆಯುದ್ದಕ್ಕೂ ಹತ್ತು ಹದಿನೈದು ಮೀಟರ್ ಜಿಐ ಪೈಪು ಓಡಿಸಿ, ಸ್ವಲ್ಪ ಇಳಿಜಾರು ಕೊಟ್ಟು, ಕೊನೆಯಲ್ಲಿ ಕೆಳಮುಖವಾಗಿ ಒಂದು ಕಾಲು ಬಿಟ್ಟು ಅದಕ್ಕೆ ಬಾಲ್ ವಾಲ್ವ್ ಹಾಕಿ. ಗನ್ನಿಗೆ ಹೋಗುವ ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆಯಿರಿ. ಪ್ಲಂಬರ್‌ಗೆ ಅರ್ಧ ದಿನದ ಕೆಲಸ. ಪಿವಿಸಿ ಪೈಪು ಮಾತ್ರ ಬೇಡ, ಒತ್ತಿದ ಗಾಳಿಗೆ ಅದು ಒಡೆದರೆ ಚೂರುಚೂರಾಗಿ ಹಾರುತ್ತದೆ.

ದಿನದ ಕೆಲಸ ಮುಗಿದ ಮೇಲೆ ಟ್ಯಾಂಕಿನ ತಳದ ಡ್ರೈನ್ ತೆಗೆಯಲೇಬೇಕು. ಮಳೆಗಾಲದಲ್ಲಿ ಬರುವ ಕಂದು ನೀರು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಸಕಲೇಶಪುರ, ಮಡಿಕೇರಿ, ಮಂಗಳೂರು ಕಡೆಯವರು ಸಿಲಿಕಾ ಜೆಲ್ ತುಂಬಿದ ಡ್ರೈಯರ್ ಕೂಡ ಸೇರಿಸಿಕೊಂಡರೆ ಒಳ್ಳೆಯದು. ಗ್ರಿಟ್ ಹಾಪರ್‌ನಲ್ಲೇ ಬಿಡದೆ ಮುಚ್ಚಳದ ಬಕೆಟ್ಟಿಗೆ ತುಂಬಿಡಿ. ತೇವ ಹಿಡಿದಿದ್ದರೆ ಟ್ರೇನಲ್ಲಿ ಹರಡಿ ಬಿಸಿಲಿಗಿಟ್ಟು, ಆಮೇಲೆ ಜರಡಿ ಹಿಡಿಯಿರಿ.

ಪೆಟ್ಟಿಗೆ ನೋಡುವಾಗ

ಆಮದಾಗಿ ಬರುವವು ಸಾಮಾನ್ಯವಾಗಿ 90, 220, 350, 420 ಲೀಟರ್ ಅಂತ ಇರುತ್ತವೆ. 90 ಲೀಟರ್ ಟೇಬಲ್ ಮೇಲೆ ಕೂರುವುದು. ಕಾರ್ಬ್ಯುರೇಟರ್ ಬಾಡಿ, ಲಿವರ್, ಬ್ರಾಕೆಟ್‌ಗೆ ಸರಿ, ಅದಕ್ಕಿಂತ ದೊಡ್ಡದಕ್ಕೆ ಇಕ್ಕಟ್ಟು. ಬೈಕ್ ಕೆಲಸಕ್ಕೆ 220 ಲೀಟರ್ ಒಳ್ಳೇ ಅಳತೆ. ಫ್ರೇಮ್ ಯಾವುದರಲ್ಲೂ ಹೋಗುವುದಿಲ್ಲ, ಅದನ್ನು ಹೊರಗೇ ಕೊಡಬೇಕು. ಅಂಗಡಿಗೆ ಹೋಗುವಾಗ ನಿಮ್ಮ ಸ್ವಿಂಗ್ ಆರ್ಮ್ ಜೊತೆಗೇ ಒಯ್ಯಿರಿ. ಒಳಗಿಟ್ಟು ತಿರುಗಿಸಿ ನೋಡಿ. ಒಳಗೆ ಹಿಡಿಸಿದರೆ ಸಾಲದು, ತಿರುಗಿಸಲೂ ಜಾಗ ಬೇಕು.

ಹೆಬ್ಬಾಳ, ಹೂಟಗಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಫ್ಯಾಬ್ರಿಕೇಷನ್ ಮಾಡುವವರಿಂದ ಹೇಳಿ ಮಾಡಿಸಬಹುದು. ನನಗೆ ಅದೇ ಇಷ್ಟ. ತಗಡು ದಪ್ಪಗಿರುತ್ತದೆ, ಕೈ ತೂತಿನ ಎತ್ತರ ನಿಮ್ಮ ಮೊಣಕೈ ಅಳತೆಗೆ ಬರುತ್ತದೆ. ಹಾಪರ್‌ನ ಇಳಿಜಾರು 45 ಡಿಗ್ರಿಗಿಂತ ಕಡಿಮೆ ಮಾಡಬೇಡಿ ಅಂತ ಒತ್ತಿ ಹೇಳಿ. ಇಳಿಜಾರು ಸಾಲದಿದ್ದರೆ ಗ್ರಿಟ್ ಮೂಲೆಯಲ್ಲಿ ನಿಂತು, ಪ್ರತಿ ಐದು ನಿಮಿಷಕ್ಕೆ ಪೆಟ್ಟಿಗೆಗೆ ಗುದ್ದುತ್ತಾ ಕೂರಬೇಕಾಗುತ್ತದೆ.

ಆಮದು ಪೆಟ್ಟಿಗೆ ಆದರೆ ಜೋಡಿಸುವಾಗಲೇ ಪ್ರತಿ ಸಂದಿಗೂ ಒಳಗಿನಿಂದ ಸಿಲಿಕೋನ್ ಸೀಲಂಟ್ ಎಳೆಯಿರಿ. ಬಾಗಿಲಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿ. ಆಮೇಲೆ ಈ ಪರೀಕ್ಷೆ ಮಾಡಿ: ರಾತ್ರಿ ಶೆಡ್ಡಿನ ಲೈಟೆಲ್ಲ ಆರಿಸಿ, ಪೆಟ್ಟಿಗೆಯೊಳಗೆ ಒಂದು ಜೋರಾದ ಟಾರ್ಚ್ ಹಚ್ಚಿಟ್ಟು, ಬಾಗಿಲು ಹಾಕಿ ಸುತ್ತ ನೋಡಿ. ಹಿಂಜ್ ಪಕ್ಕ, ಗ್ಲೌಸ್ ರಿಂಗ್ ಸುತ್ತ, ಕಾಲಿನ ಬೋಲ್ಟ್ ತೂತಿನಲ್ಲಿ ಸೂಜಿಯಂಥ ಬೆಳಕಿನ ಗೆರೆ ಕಾಣುತ್ತವೆ. ಬೆಳಕು ಬರುವ ಕಡೆಯೆಲ್ಲ ಧೂಳೂ ಬರುತ್ತದೆ. ಚಾಕ್‌ನಲ್ಲಿ ಗುರುತು ಹಾಕಿಕೊಂಡು ಬೆಳಿಗ್ಗೆ ಮುಚ್ಚಿ.

ಧೂಳು ಎಳೆಯಲು ವ್ಯಾಕ್ಯೂಮ್ ಬೇಕೇ ಬೇಕು. ಅದಿಲ್ಲದೆ ಎರಡು ನಿಮಿಷಕ್ಕೆ ಒಳಗೆ ಏನೂ ಕಾಣುವುದಿಲ್ಲ, ಜೊತೆಗೆ ಒತ್ತಡ ಕಟ್ಟಿ ಧೂಳು ಸಂದಿಯಿಂದ ಹೊರಗೆ ನುಗ್ಗುತ್ತದೆ. ಹೆಪಾ ಫಿಲ್ಟರ್ ಇರುವ ಶಾಪ್ ವ್ಯಾಕ್ಯೂಮ್, ನಡುವೆ ಗಾಳಿಯನ್ನು ಸುತ್ತಿಸಿ ಕಣ ಬೇರೆ ಮಾಡುವ ಒಂದು ಸೈಕ್ಲೋನ್ ಡಬ್ಬಿ. ಸೈಕ್ಲೋನ್ ಇದ್ದರೆ ಗ್ರಿಟ್ ಅಲ್ಲೇ ಬೀಳುತ್ತದೆ, ದುಬಾರಿ ಫಿಲ್ಟರ್ ಉಳಿಯುತ್ತದೆ. ಪೆಟ್ಟಿಗೆಯ ಇನ್ನೊಂದು ಕಡೆ ಗಾಳಿ ಒಳಬರಲು ದಾರಿ ಇರಬೇಕು. ಎಳೆತ ಅತಿಯಾದರೆ ಒಳ್ಳೇ ಗ್ರಿಟ್ಟೂ ಹೊರಟುಹೋಗುತ್ತದೆ. ಗ್ಲೌಸ್ ಸ್ವಲ್ಪ ಒಳಮುಖವಾಗಿ ಉಬ್ಬಿ ನಿಂತರೆ ಎಳೆತ ಸರಿಯಾಗಿದೆ ಅಂತ ಅರ್ಥ.

ಗಾಜಿಗೆ ಒಳಗಿನಿಂದ ಪಾರದರ್ಶಕ ಶೀಟ್ ಅಂಟಿಸಿ. ಮಬ್ಬಾದಾಗ ಶೀಟ್ ಮಾತ್ರ ಬದಲಿಸಿದರಾಯಿತು. ಪೆಟ್ಟಿಗೆಗೂ ಗನ್ನಿಗೂ ಅರ್ಥಿಂಗ್ ವೈರ್ ಎಳೆಯಿರಿ. ಒಣ ಗ್ರಿಟ್ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ, ಫೆಬ್ರವರಿ ಮಾರ್ಚ್‌ನಲ್ಲಿ ಗ್ಲೌಸ್ ಒಳಗೂ ಚುರ್ ಅನ್ನುತ್ತದೆ.

ಮರಳು ಹಾಕಲೇಬೇಡಿ

ಇದನ್ನು ನಾನು ಯಾರಿಗೂ ಮೆತ್ತಗೆ ಹೇಳುವುದಿಲ್ಲ. ಕಂಪ್ರೆಸರ್ ಇಳಿಸಲು ಬಂದವರೊಬ್ಬರು ಹೇಳಿದ್ದರು, "ಸಾರ್, ಎಂ-ಸ್ಯಾಂಡ್ ಜರಡಿ ಹಿಡಿದು ಹಾಕ್ಕೊಳ್ಳಿ, ಯಾಕೆ ದುಡ್ಡು ಹಾಳು?" ಹೊಳೆ ಮರಳಿನಲ್ಲೂ ಎಂ-ಸ್ಯಾಂಡ್‌ನಲ್ಲೂ ಕ್ವಾರ್ಟ್ಜ್ ಇದೆ, ಅಂದರೆ ಹರಳು ರೂಪದ ಸಿಲಿಕಾ. ಲೋಹಕ್ಕೆ ಬಡಿದು ಒಡೆದಾಗ ಅದು ಕಣ್ಣಿಗೆ ಕಾಣದ ಧೂಳಾಗುತ್ತದೆ. ಆ ಧೂಳು ಶ್ವಾಸಕೋಶದ ತಳಕ್ಕೆ ಇಳಿದು ಗಾಯ ಮಾಡುತ್ತದೆ. ಅದೇ ಸಿಲಿಕೋಸಿಸ್. ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಕಲ್ಲು ಕೊರೆದ ಎಷ್ಟೋ ಜನರನ್ನು ಇದೇ ಕಾಯಿಲೆ ತಿಂದಿತು. ಬ್ರಿಟನ್ 1949ರಲ್ಲೇ ಬ್ಲಾಸ್ಟಿಂಗ್‌ಗೆ ಮರಳು ಬಳಸುವುದನ್ನು ನಿಷೇಧಿಸಿತು. ಅಮೆರಿಕದ ಕೆಲಸದ ಜಾಗದ ಆರೋಗ್ಯ ಸಂಸ್ಥೆ ನಿಯೋಶ್ 1974ರಲ್ಲಿ ಇದನ್ನು ನಿಲ್ಲಿಸಿ ಅಂತ ಹೇಳಿತು. ಮೂಟೆ ಮರಳಿನಲ್ಲಿ ಉಳಿಯುವ ದುಡ್ಡಿಗೆ ಯಾರೂ ಶ್ವಾಸಕೋಶ ಕೊಡಬಾರದು. ನಮ್ಮ ಮನೆಯಲ್ಲಿ ಮಕ್ಕಳು ಆಡುವ ಅಂಗಳಕ್ಕೂ ಶೆಡ್ಡಿಗೂ ನಡುವೆ ಒಂದು ಗೋಡೆ ಅಷ್ಟೇ ಇದೆ.

ಹಾಗಾದರೆ ಏನು ಹಾಕಬೇಕು? ಎರಡು ಸಾಕು. ಕಬ್ಬಿಣದ ಮೇಲಿನ ತುಕ್ಕು, ಹಳೇ ಪೇಂಟಿಗೆ ಕಂದು ಅಲ್ಯೂಮಿನಿಯಂ ಆಕ್ಸೈಡ್, 80ನೇ ನಂಬರ್. ಗಟ್ಟಿ, ಚೂಪು, ಮತ್ತೆ ಮತ್ತೆ ಬಳಸಬಹುದು. ಹೊಡೆದ ಮೇಲೆ ಬಿಡುವ ಒರಟುತನಕ್ಕೆ ಪ್ರೈಮರ್ ಗಟ್ಟಿಯಾಗಿ ಹಿಡಿಯುತ್ತದೆ. ಅಲ್ಯೂಮಿನಿಯಂ ಭಾಗಗಳಿಗೆ ಗ್ಲಾಸ್ ಬೀಡ್, 100ರಿಂದ 200 ಮೈಕ್ರಾನ್ ಸೈಜಿನದು. ಇದು ಲೋಹವನ್ನು ಕೊರೆಯುವುದಿಲ್ಲ, ತಟ್ಟುತ್ತದೆ. ಕ್ರ್ಯಾಂಕ್‌ಕೇಸ್ (ಎಂಜಿನ್ನಿನ ಹೊರ ಕವಚ), ಚಕ್ರದ ನಡುವಿನ ಹಬ್‌ಗೆ ಮಿರುಗಿಲ್ಲದ ಬೆಳ್ಳಿಯ ಬಣ್ಣ ಬರುತ್ತದೆ. ರಸ್ತೆಯ ಬಿಳಿ ಪಟ್ಟೆ ಮೇಲೆ ಎರಚುವ ಗಾಜಿನ ಮಣಿ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಬಹುದು. ಅದು ತುಂಬಾ ದಪ್ಪ, ಈ ಗನ್ನಿಗೆ ಆಗುವುದಿಲ್ಲ. ಗಾರ್ನೆಟ್ ಅನ್ನುವ ಖನಿಜದ ಗ್ರಿಟ್ ಕೂಡ ಒಳ್ಳೆಯದೇ, ಸಿಕ್ಕರೆ ಕಬ್ಬಿಣಕ್ಕೆ ಬಳಸಿ.

ಒಂದು ನಿಯಮ ಮಾತ್ರ ಮುರಿಯಬೇಡಿ. ಕಬ್ಬಿಣಕ್ಕೆ ಹೊಡೆದ ಗ್ರಿಟ್ಟನ್ನು ಅಲ್ಯೂಮಿನಿಯಂಗೆ ಹೊಡೆಯಬಾರದು. ಅದರಲ್ಲಿರುವ ಕಬ್ಬಿಣದ ಪುಡಿ ಮೆತ್ತಗಿನ ಅಲ್ಯೂಮಿನಿಯಂನಲ್ಲಿ ನಾಟಿಕೊಳ್ಳುತ್ತದೆ. ಸ್ವಲ್ಪ ದಿನಕ್ಕೆ ಹೊಳೆಯುವ ಹಬ್ ಮೇಲೆ ಕಂದು ಚುಕ್ಕೆ ಏಳುತ್ತವೆ. ಎರಡು ಬಕೆಟ್, ಎರಡು ಬಣ್ಣದ ಮುಚ್ಚಳ ಇಟ್ಟುಕೊಳ್ಳಿ. ಬದಲಿಸುವಾಗ ಪೆಟ್ಟಿಗೆಯ ಒಳಗೆ ಪೂರ್ತಿ ವ್ಯಾಕ್ಯೂಮ್ ಹೊಡೆಯಿರಿ.

ಕೆಲಸಕ್ಕೆ ಇಳಿದಾಗ

ಎಣ್ಣೆ ಗ್ರೀಸ್ ಇರುವ ಭಾಗ ಪೆಟ್ಟಿಗೆಗೆ ಹೋಗಬಾರದು. ಸೀಮೆಎಣ್ಣೆ ಅಥವಾ ಡಿಗ್ರೀಸರ್‌ನಲ್ಲಿ ತೊಳೆದು, ಸೋಪು ನೀರಿನಲ್ಲಿ ಇನ್ನೊಮ್ಮೆ ತೊಳೆದು, ಪೂರ್ತಿ ಒಣಗಿಸಿ. ಒಂದು ಜಿಡ್ಡಿನ ಬ್ರಾಕೆಟ್ ಇಡೀ ಬಕೆಟ್ ಗ್ರಿಟ್ ಕೆಡಿಸಬಲ್ಲದು.

ಆಮೇಲೆ ಮುಚ್ಚುವ ಕೆಲಸ. ಬೇರಿಂಗ್ ಕೂರುವ ಜಾಗ, ಗ್ಯಾಸ್ಕೆಟ್ ಕೂರುವ ಮುಖ, ಮರೆಗಳು (ಬೋಲ್ಟ್ ತಿರುಗಿ ಕೂರುವ ಸುತ್ತು ಗೆರೆಗಳು), ಎಲ್ಲಕ್ಕೂ ದಪ್ಪ ಡಕ್ಟ್ ಟೇಪ್ ಎರಡು ಮೂರು ಪದರ. ಮರೆ ತೂತಿಗೆ ಹಳೇ ಬೋಲ್ಟ್ ತಿರುಗಿಸಿ, ದೊಡ್ಡ ತೂತಿಗೆ ರಬ್ಬರ್ ಬುಷ್ ಒತ್ತಿ. ಎಂಜಿನ್ ನಂಬರ್ ಇರುವ ಜಾಗಕ್ಕೆ ಟೇಪ್ ಸಾಲದು. ಟ್ಯೂಬಿನ ರಬ್ಬರ್ ತುಂಡು ಕತ್ತರಿಸಿ ಅಂಟಿಸಿ. ಆರ್‌ಟಿಒದಲ್ಲಿ ಪೆನ್ಸಿಲ್ ಉಜ್ಜಿ ನಂಬರಿನ ಅಚ್ಚು ತೆಗೆಯುವಾಗ ಒಂದು ಅಂಕೆ ಸವೆದಿದ್ದರೂ ನೀವು ಉತ್ತರ ಹೇಳಬೇಕಾಗುತ್ತದೆ.

ಕೆಲವನ್ನು ಒಳಗೆ ಇಡಲೇಬಾರದು. ಕ್ರೋಮ್ ಇರುವುದು, ಫೋರ್ಕ್ ಟ್ಯೂಬ್, ಬ್ರೇಕ್ ಶೂ. ಹಳೇ ಬ್ರೇಕ್ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಅದರ ಧೂಳನ್ನು ಗಾಳಿಯಲ್ಲಿ ಊದಲೂಬಾರದು. ಪೆಟ್ರೋಲ್ ಟ್ಯಾಂಕನ್ನು ನಾನು ಕೈಯಲ್ಲೇ ಉಜ್ಜುತ್ತೇನೆ. ತಗಡೂ ತೆಳು, ಒಳಗೆ ಉಳಿದ ಆವಿಯೂ ಅಪಾಯ.

ಪ್ರೆಷರ್ ಕಬ್ಬಿಣಕ್ಕೆ 70-80, ಅಲ್ಯೂಮಿನಿಯಂಗೆ 50ರ ಹತ್ತಿರ. ಗ್ಲಾಸ್ ಬೀಡ್‌ಗೆ ಜೋರು ಪ್ರೆಷರ್ ಕೊಟ್ಟರೆ ಮಣಿ ಒಡೆದು ಪುಡಿಯಾಗುತ್ತದೆ, ಕೆಲಸ ನಿಧಾನವಾಗುತ್ತದೆ. ಗನ್ ಒಂದು ಗೇಣಿಗಿಂತ ಸ್ವಲ್ಪ ಹತ್ತಿರ ಹಿಡಿಯಿರಿ. ನೇರ ಹೊಡೆಯಬೇಡಿ, ಓರೆಯಾಗಿ, 45ರಿಂದ 60 ಡಿಗ್ರಿಯಲ್ಲಿ ಹೊಡೆಯಿರಿ. ನೇರ ಹೊಡೆದರೆ ಗ್ರಿಟ್ ವಾಪಸ್ ಗಾಜಿಗೆ ಬರುತ್ತದೆ. ಓರೆಯಾಗಿ ಹೊಡೆದಾಗ ಪೇಂಟಿನ ಅಂಚು ಮೊದಲು ಎದ್ದು, ಆಮೇಲೆ ಅದರ ಕೆಳಗಿನ ತುಕ್ಕು ಕಪ್ಪಾಗಿ, ಕೊನೆಗೆ ಬೂದು ಬಣ್ಣದ ಲೋಹ ಕಾಣುತ್ತದೆ. ಆ ಬೂದು ಬಣ್ಣ ಬಂದ ತಕ್ಷಣ ಮುಂದೆ ಸರಿಯಿರಿ. ಚೈನ್ ಕವರ್, ಸೈಡ್ ಬಾಕ್ಸಿನಂಥ ತೆಳು ತಗಡಿಗೆ 40 ಪಿಎಸ್‌ಐಗೆ ಇಳಿಸಿ, ಗನ್ ದೂರ ಹಿಡಿದು, ಒಂದೇ ಜಾಗದಲ್ಲಿ ನಿಲ್ಲದೆ ಹೊಡೆಯಿರಿ. ಗ್ರಿಟ್ ಬಡಿದ ಮುಖ ಹಿಗ್ಗುತ್ತದೆ, ಹಿಂದಿನ ಮುಖ ಹಾಗೇ ಇರುತ್ತದೆ. ತಗಡು ತಿರುಚುವುದು ಅದಕ್ಕೇ. ಎರಡೂ ಕಡೆ ಸ್ವಲ್ಪ ಸ್ವಲ್ಪ ಹೊಡೆದರೆ ಸಮ ನಿಲ್ಲುತ್ತದೆ.

ಗನ್ ಗ್ರಿಟ್ ಎಳೆಯುವುದು ನಿಲ್ಲಿಸಿದರೆ ನಾಜಲನ್ನು ಒಂದು ದಪ್ಪ ರಬ್ಬರ್ ತುಂಡಿಗೆ ಒತ್ತಿ ಒಂದು ಕ್ಷಣ ಟ್ರಿಗರ್ ಎಳೆಯಿರಿ. ಗಾಳಿ ಹಿಮ್ಮುಖವಾಗಿ ಹೋಗಿ ಪೈಪಿನ ಅಡಚಣೆ ಬಿಡುತ್ತದೆ. ಬೆರಳಿನಿಂದ ಮುಚ್ಚುವ ಅಭ್ಯಾಸ ಮಾತ್ರ ಬೇಡ. ಆಗಾಗ ನಾಜಲ್‌ಗೆ ಡ್ರಿಲ್ ಬಿಟ್ಟಿನ ನಯವಾದ ಹಿಂಭಾಗ ತೂರಿಸಿ ನೋಡಿ. 5 ಮಿಲಿಮೀಟರ್ ನಾಜಲ್‌ನಲ್ಲಿ 6.5ರ ಬಿಟ್ ಸಲೀಸಾಗಿ ಹೋದರೆ ಬದಲಿಸುವ ಕಾಲ ಬಂತು. ಸೆರಾಮಿಕ್ ನಾಜಲ್ ಬೇಗ ಸವೆಯುತ್ತದೆ, ಬೋರಾನ್ ಕಾರ್ಬೈಡ್ ದುಬಾರಿ ಆದರೆ ಬಾಳಿಕೆ ಬರುತ್ತದೆ. ಮಧ್ಯೆ ಮಧ್ಯೆ ಕಾಲು ಸುತ್ತು ತಿರುಗಿಸಿ ಹಾಕಿದರೆ ಒಂದೇ ಕಡೆ ಸವೆಯುವುದು ತಪ್ಪುತ್ತದೆ.

ಪೆಟ್ಟಿಗೆ ಮುಚ್ಚಿದ್ದರೂ ಮಾಸ್ಕ್ ಹಾಕಿ. ಕನಿಷ್ಠ ಎನ್95. ಬಾಗಿಲು ತೆಗೆಯುವಾಗ, ಫಿಲ್ಟರ್ ಕೊಡವುವಾಗ ಪಿ100 ಫಿಲ್ಟರ್‌ನ ಹಾಫ್ ಮಾಸ್ಕ್. ಗನ್ ನಿಲ್ಲಿಸಿದ ಮೇಲೆ ವ್ಯಾಕ್ಯೂಮ್ ಒಂದೆರಡು ನಿಮಿಷ ಓಡಲಿ, ಆಮೇಲೆ ಬಾಗಿಲು ತೆಗೆಯಿರಿ. ಕಿವಿಗೂ ಮಫ್ ಇರಲಿ. ಅಕ್ಕಪಕ್ಕದವರ ಮಧ್ಯಾಹ್ನದ ನಿದ್ದೆ ಹೊತ್ತು ಬಿಟ್ಟು ಕೆಲಸ ಮಾಡಿ, ಬೀದಿಯಲ್ಲಿ ಎಲ್ಲರೂ ಚೆನ್ನಾಗಿರುತ್ತಾರೆ.

ಹೊರಗೆ ತೆಗೆದ ಮೇಲೆ

ಕ್ರ್ಯಾಂಕ್‌ಕೇಸ್ ತೊಳೆಯುವುದಕ್ಕೆ ಬ್ಲಾಸ್ಟ್ ಮಾಡಿದ್ದಕ್ಕಿಂತ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್‌ಕೇಸ್ ಮೂಲಕವೇ ಹೋಗುತ್ತದೆ. ಎಲ್ಲೋ ಒಂದು ಮೂಲೆಯಲ್ಲಿ ಉಳಿದ ಗಾಜಿನ ಮಣಿ ನೇರ ಕ್ರ್ಯಾಂಕ್ ಬೇರಿಂಗ್‌ಗೆ, ಅಲ್ಲಿಂದ ಪಿಸ್ಟನ್‌ಗೆ. ಮೊದಲು ಟೇಪು, ಬೋಲ್ಟು, ಬುಷ್ ಎಲ್ಲ ತೆಗೆದು ಗಾಳಿ ಹೊಡೆಯಿರಿ. ಪ್ರತಿ ಮರೆಗೂ ಟ್ಯಾಪ್ (ಮರೆ ಕೊರೆಯುವ ಉಪಕರಣ) ಓಡಿಸಿ. ಬಿಸಿ ಸೋಪು ನೀರಿನಲ್ಲಿ ಬಾಟಲ್ ಬ್ರಷ್ ಹಾಕಿ ತಿಕ್ಕಿ, ಮತ್ತೆ ಗಾಳಿ, ಮತ್ತೆ ನೀರು. ಕೊನೆಯ ನೀರನ್ನು ಕಪ್ಪು ಬಟ್ಟೆಯ ಮೇಲೆ ಸೋಸಿ ಬಿಸಿಲಿಗೆ ಹಿಡಿಯಿರಿ. ಒಂದು ಮಣಿ ಮಿನುಗಿದರೂ ಇನ್ನೊಂದು ಸಲ ತೊಳೆಯಬೇಕು.

ಕಬ್ಬಿಣದ ಭಾಗಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಬೆರಳಚ್ಚು ಮರುದಿನ ತುಕ್ಕಿನ ಗುರುತಾಗಿ ಏಳುತ್ತದೆ. ಸ್ವಚ್ಛ ಗ್ಲೌಸ್ ಹಾಕಿ, ಗಾಳಿ ಹೊಡೆದು, ಅದೇ ದಿನ ಪ್ರೈಮರ್ ಬಳಿಯಿರಿ. ಮಳೆಗಾಲದಲ್ಲಿ ಕೆಲವೇ ಗಂಟೆಯಲ್ಲಿ ತುಕ್ಕು ಶುರುವಾಗುತ್ತದೆ, ಹಾಗಾಗಿ ಅಷ್ಟೇ ಭಾಗ ಬ್ಲಾಸ್ಟ್ ಮಾಡಿ, ಎಷ್ಟಕ್ಕೆ ಆವತ್ತು ಪ್ರೈಮರ್ ಹೊಡೆಯಬಹುದೋ ಅಷ್ಟು. ಪೌಡರ್ ಕೋಟಿಂಗ್‌ಗೆ ಕೊಡುವುದಾದರೆ ಶಾಪ್‌ನವರಿಗೆ ಮೊದಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡು, ಹಿಂದಿನ ಸಂಜೆ ಬ್ಲಾಸ್ಟ್ ಮಾಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಯ್ಯಿರಿ.

ಸವೆದು ಪುಡಿಯಾದ ಗ್ರಿಟ್, ವ್ಯಾಕ್ಯೂಮ್‌ನ ಧೂಳು, ಎರಡರಲ್ಲೂ ಹಳೇ ಪೇಂಟಿನ ಸೀಸ ಇರಬಹುದು. ಗಿಡದ ಬುಡಕ್ಕೆ, ಚರಂಡಿಗೆ, ಮನೆ ಕಸಕ್ಕೆ ಹಾಕಬೇಡಿ. ನೀರು ಚಿಮುಕಿಸಿ ಧೂಳು ಏಳದ ಹಾಗೆ ಮಾಡಿ ಹಳೇ ಪೇಂಟ್ ಡಬ್ಬಿಗೆ ತುಂಬಿ ಮುಚ್ಚಳ ಬಿಗಿಯಿರಿ. ನನ್ನ ಡಬ್ಬಿಗಳನ್ನು ಪೌಡರ್ ಕೋಟಿಂಗ್ ಶಾಪ್‌ನವರೇ ತಮ್ಮ ಕಾರ್ಖಾನೆ ತ್ಯಾಜ್ಯದ ಜೊತೆ ಸೇರಿಸಿ ಕಳಿಸುತ್ತಾರೆ. ನಿಮ್ಮ ಶಾಪ್‌ನವರನ್ನೂ ಕೇಳಿ ನೋಡಿ.